ಸುಣ್ಣ ಬಳಿಯದ ವರ್ಷ

ಕಳೆದ ವಾರ ಬಿಜೈಯ ಪೈಂಟ್ ಅಂಗಡಿಯವರು ಸ್ಕ್ರೂಡ್ರೈವರಿನಿಂದ ಸಣ್ಣ ಡಬ್ಬದ ಮುಚ್ಚಳ ಎಬ್ಬಿಸಿ, “ಇದೇ ಕೆಂಪು ಅಲ್ವಾ ಅಕ್ಕ, ಸರಿ ನೋಡಿ” ಎಂದು ನನ್ನ ಮುಂದೆ ಹಿಡಿದರು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಎಣ್ಣೆ ಬಣ್ಣದ ಆ ಕಟು ವಾಸನೆಯ ಹಿಂದೆಯೇ ನನಗೆ ಒದ್ದೆ ಗೋಡೆಯ ವಾಸನೆಯೂ ಬರುತ್ತದೆ. ಎರಡೂ ಒಂದೇ ವರ್ಷದವು. “ಗೇಟಿಗಾ, ಗ್ರಿಲ್ಲಿಗಾ?” ಎಂದು ಕೇಳಿದರು. “ಗೋಡೆಗೆ” ಎಂದೆ. ಗೋಡೆಗೆ ಇಷ್ಟು ಸಣ್ಣ ಡಬ್ಬ ಎಲ್ಲಿ ಸಾಕಾಗ್ತದೆ ಎಂದು ನಕ್ಕರು. ನನ್ನ ಕೆಲಸಕ್ಕೆ ಅಷ್ಟು ಸಾಕು. ಯಾಕೆ ಸಾಕು ಎಂದು ಅಂಗಡಿಯಲ್ಲಿ ನಿಂತು ವಿವರಿಸುವ ತಾಳ್ಮೆ ಇರಲಿಲ್ಲ, ಇಲ್ಲಿ ವಿವರಿಸುತ್ತೇನೆ.

ನಾನು ವಾರಿಜ. ಟೈಲರ್. ಕೂಳೂರು ಸೇತುವೆಯಿಂದ ಸ್ವಲ್ಪ ಒಳಗೆ, ಹೊಳೆಯ ಬದಿಯ ತಗ್ಗಿನಲ್ಲಿ ನಮ್ಮದೊಂದು ಅಡ್ಡರಸ್ತೆ ಇದೆ. ಹದಿನಾಲ್ಕು ಮನೆ. ಅರ್ಧ ನಮ್ಮವರದು, ಅರ್ಧ ಬ್ಯಾರಿ ಮುಸ್ಲಿಮರದು. ನಮ್ಮ ಮನೆಗಳ ಹಿಂದಿನ ತೋಡು ಮುಖ್ಯ ರಸ್ತೆಯ ಅಡಿಯಿಂದ ದಾಟಿ ಗುರುಪುರ ಹೊಳೆಗೆ ಸೇರುತ್ತದೆ. ಮಳೆ ಜೋರಾಗಿ, ಅದೇ ಹೊತ್ತಿಗೆ ಸಮುದ್ರದ ಭರತ ಏರಿತೆಂದರೆ ಹೊಳೆ ತೋಡಿನ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ನೀರು ವಾಪಸು ಬಂದು ನಮ್ಮ ನಡುಮನೆಯಲ್ಲಿ ಕೂರುತ್ತದೆ. ನಾನು ಮದುವೆಯಾಗಿ ಬಂದಂದಿನಿಂದ ಹೀಗೆಯೇ. ಇಳಿತ ಬಂದಾಗ ನೀರು ತಾನಾಗಿ ಹೋಗುತ್ತದೆ, ನಾವು ಕೆಸರು ಗುಡಿಸುತ್ತೇವೆ, ಚೌತಿಗೆ ಮೊದಲು ಎರಡು ಬಿಸಿಲು ನೋಡಿ ಗೋಡೆಗೆ ಸುಣ್ಣ ಬಳಿಯುತ್ತೇವೆ. ಬ್ಯಾರಿ ಮನೆಗಳಲ್ಲಿ ಮದುವೆಗೋ ಹಬ್ಬಕ್ಕೋ ಬಳಿಯುತ್ತಾರೆ. ಈಗ ಬಳಿಯುವುದು ಡಿಸ್ಟೆಂಪರ್, ಆದರೆ ಬಾಯಲ್ಲಿ ಸುಣ್ಣವೇ ಉಳಿದಿದೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಮುಖ್ಯ ರಸ್ತೆಗೆ ಕಾಂಕ್ರೀಟು ಹಾಕಿ ಎರಡಡಿ ಎತ್ತರಿಸುತ್ತಾರಂತೆ, ಮಳೆ ಮುಗಿದ ಮೇಲೆ ಕೆಲಸ ಶುರು. ತೋಡು ದಾಟುವಲ್ಲಿ ಹಳೇ ಮೋರಿ ಒಡೆದು ಒಂದು ಪೈಪು ಹಾಕುತ್ತಾರಂತೆ. ಪೈಪಿನ ಅಳತೆಯನ್ನೂ ಕೇಳಿ ತಿಳಿದುಕೊಂಡೆ. ಅದರೊಳಗೆ ಒಂದು ತೆಂಗಿನ ಮಡಲು ಅಡ್ಡ ಸಿಕ್ಕಿದರೆ ಕಥೆ ಮುಗಿಯಿತು. ಮುಂದೆ ಎತ್ತರದ ರಸ್ತೆ, ಹಿಂದೆ ತೋಡು, ನಡುವೆ ಬೋಗುಣಿಯ ಹಾಗೆ ನಾವು. ಇಷ್ಟು ವರ್ಷ ಬಂದು ಹೋಗುತ್ತಿದ್ದ ನೀರು ಇನ್ನು ಬಂದು ನಿಲ್ಲುತ್ತದೆ ಎನ್ನುವುದು ಯಾರಿಗೂ ಅರ್ಥವಾಗುವ ಮಾತು. ಹಾಗೆಂದು ನಾವು ಭಾವಿಸಿದ್ದೆವು.

ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಬರೆಯುವುದಿಲ್ಲ, ನಾಳೆ ಪುನಃ ಅಲ್ಲಿಗೇ ಹೋಗಬೇಕಾದವಳು ನಾನು. ನಾನು, ಪಕ್ಕದ ಮನೆಯ ಐಸಮ್ಮ, ಎದುರು ಮನೆಯ ಜಗನ್ನಾಥಣ್ಣ. ಐಸಮ್ಮನ ಗಂಡ ಹೊಳೆಯಲ್ಲಿ ದೋಣಿ ಇಟ್ಟುಕೊಂಡಿದ್ದವರು, ತೀರಿಹೋಗಿ ಬಹಳ ವರ್ಷವಾಯಿತು. ಮಗ ದುಬೈಯಲ್ಲಿ, ಮನೆಯಲ್ಲಿ ಅವಳು ಮತ್ತು ಮಗಳು ನಸೀಮಾ. ಜಗನ್ನಾಥಣ್ಣ ಬ್ಯಾಂಕಿನಿಂದ ನಿವೃತ್ತರು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು.

ಎಂಜಿನಿಯರ್ ಹೆಸರು ಬಸವರಾಜ. ಗದಗದ ಕಡೆಯವರು, ನಮ್ಮ ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಮೇಜಿನ ಮೇಲೆ ನಕ್ಷೆ ಹರಡಿ ಬೆರಳಾಡಿಸಿದರು. ನೀರು ನುಗ್ಗುವ ಜಾಗಗಳೆಂದು ನೀಲಿ ಬಳಿದಿದ್ದ ಪಟ್ಟಿಯೊಂದು ಅದರಲ್ಲಿತ್ತು. ನಮ್ಮ ಅಡ್ಡರಸ್ತೆ ಬೆಳ್ಳಗಿತ್ತು.

“ನೋಡ್ರಿ ಅಕ್ಕಾರ, ನಿಮ್ಮ ಓಣಿ ಲಿಸ್ಟಿನ್ಯಾಗ ಇಲ್ಲ. ಲಿಸ್ಟಿನ್ಯಾಗ ಇದ್ರ ದೊಡ್ಡ ಮೋರಿ ಕೊಡಾಕ ಬರತೈತಿ. ಇಲ್ಲಂದ್ರ ಪೈಪೇ.”

“ಪ್ರತಿ ವರ್ಷ ನೀರು ಬರ್ತದೆ ಸರ್, ಮೊಣಕಾಲಿಗೆ ಬರ್ತದೆ” ಎಂದೆ.

“ಬಾಯಿಲೆ ಹೇಳಿದ್ರ ನಾ ಏನಂತ ಬರೀಲ್ರಿ? ಗುರುತು ತೋರಸ್ರಿ. ಫೋಟೋ ಐತೇನು?”

ಈಗಿನ ಕಾಲದಲ್ಲಿ ಫೋಟೊ ಇಲ್ಲದವರು ಯಾರು? ನಮ್ಮ ವಾಟ್ಸಪ್ ಗ್ರೂಪಿನಲ್ಲಿ ಹುಡುಕಿದೆವು. ಇದ್ದ ಫೋಟೊಗಳಲ್ಲೆಲ್ಲ ಬರೀ ಕಂದು ನೀರು, ನಾಲ್ಕು ತೆಂಗಿನ ಮರ. ಒಂದರಲ್ಲೂ ಯಾರ ಮನೆಯೂ ಇರಲಿಲ್ಲ. ನೀರು ಬರುವ ಮನೆ ಎಂದು ನಾಲ್ಕು ಜನ ನೋಡಿದರೆ ಮರ್ಯಾದೆ ಏನಾಗಬೇಕು ಎಂದು, ಪ್ರತಿಯೊಬ್ಬರೂ ತಮ್ಮ ಮನೆ ಕಾಣದ ಹಾಗೆ ಫೋಟೊ ತೆಗೆದಿದ್ದೆವು. ಜಗನ್ನಾಥಣ್ಣ ಮಾತ್ರ ಹೆಮ್ಮೆಯಿಂದ ಒಂದು ವಿಡಿಯೊ ತೋರಿಸಿದರು, ಅದರಲ್ಲಿ ಬಸ್ಸೇ ಅರ್ಧ ಮುಳುಗಿತ್ತು. ಬಸವರಾಜ ಸರ್ ಅದನ್ನು ಎರಡು ಸಲ ನೋಡಿದರು.

“ಅಲ್ರೀ, ಬಸ್ಸಿನ ಬೋರ್ಡು ಮಲಯಾಳದಾಗ ಐತಲ್ಲ?”

ಯಾರೋ ಕಳಿಸಿದ್ದು, ಇವರು ಮುಂದೆ ಕಳಿಸಿದ್ದು. ಆ ಹೊತ್ತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ನಾವು ನಿಜ ಹೇಳಿದರೂ ಸುಳ್ಳೇ. ಆದರೂ ಬಸವರಾಜ ಸರ್ ನಗಲಿಲ್ಲ. “ಗ್ವಾಡಿ ಮ್ಯಾಲೆ ನೀರಿನ ಕಲಿ ಇರ್ತಾವಲ್ರೀ, ಅವನ್ನಾರ ತೋರಸ್ರಿ” ಎಂದರು. ಗೋಡೆಯ ಮೇಲೆ ಕಲೆ! ಇಪ್ಪತ್ತು ವರ್ಷ ನಾವೇ ಕೈಯಾರೆ, ಬ್ರಷ್ ಅದ್ದಿ ಅದ್ದಿ, ಒಂದು ಗೆರೆಯೂ ಉಳಿಯದ ಹಾಗೆ ಸುಣ್ಣ ಬಳಿದಿದ್ದೆವು. ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಿದ್ದೆವು. ಅದೂ ಹಬ್ಬದ ಹೆಸರಿನಲ್ಲಿ.

“ಈ ಮಳಿಗಾಲ ಐತಲ್ರೀ. ನೀರು ಬಂದ್ರ ಅಳತಿ ಹಿಡೀರಿ. ಎಷ್ಟೊತ್ತಿಗೆ ಬಂತು, ಎಲ್ಲೀಮಟ ಬಂತು, ಎಷ್ಟೊತ್ತಿಗೆ ಹೋತು. ಬರದು ತರ್ರಿ, ಮುಂದ ನೋಡೂಣು.” ಸಾಗಹಾಕಲು ಹೇಳಿದರೋ ಮನಸ್ಸಿಟ್ಟು ಹೇಳಿದರೋ ಆಗ ನನಗೆ ತಿಳಿಯಲಿಲ್ಲ. ಹೊರಗೆ ಬಂದು ಜಗನ್ನಾಥಣ್ಣ, “ಇದೆಲ್ಲ ನಮ್ಮನ್ನು ಓಡಿಸುವ ಉಪಾಯ ಮಾರಾಯ್ತಿ” ಎಂದರು. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಅಳತೆ ಹಿಡಿ ಎಂದು ಅವರು ಹೇಳಿದ್ದು ಯಾರಿಗೆ? ಮೂವತ್ತು ವರ್ಷದಿಂದ ಕೊರಳಿಗೆ ಟೇಪು ಹಾಕಿಕೊಂಡೇ ಇರುವವಳಿಗೆ.

ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಹಿಡಿಯಿತು. ತಾರಸಿಯ ಮೇಲೆ ನೇರ ಗೋಡೆಯ ಒಂದು ಸ್ಟೀಲ್ ಡಬ್ಬ ಇಟ್ಟು ದಿನಾ ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ಬಿದ್ದ ಮಳೆಯನ್ನು ಅಳೆದೆ. ಐಸಮ್ಮ ಭರತ ಇಳಿತದ ಹೊತ್ತು ಹೇಳುತ್ತಿದ್ದಳು. ಅಮಾಸೆ ಹುಣ್ಣಿಮೆ ಎಣಿಸಿ ಬೆರಳಲ್ಲೇ ಲೆಕ್ಕ ಹಾಕುತ್ತಾಳೆ. ನಸೀಮಾ ಫೋನಿನಲ್ಲಿ ಹುಡುಕಿ ನೋಡಿದರೆ ಕಾಲು ಗಂಟೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ಎಲ್ಲವನ್ನೂ ನನ್ನ ಅಳತೆ ಪುಸ್ತಕದಲ್ಲಿ ಬರೆದೆ. ಎಡಗಡೆ ಗಿರಾಕಿಗಳ ಎದೆ, ಸೊಂಟ, ತೋಳು, ಬಲಗಡೆ ಮಳೆ, ಭರತ, ತೋಡು. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರ್. ಡ್ಯೂಟಿ ಮುಗಿಸಿ ಬಂದವರು, “ತೋಡಿಗೆ ಎಂತ ರವಿಕೆ ಹೊಲಿತೀಯಾ?” ಎಂದು ತಮಾಷೆ ಮಾಡುತ್ತಿದ್ದರು.

ನಾವು ಆಟಿ ಎನ್ನುವ ಆಷಾಢ ತಿಂಗಳ ಅಮಾಸೆಯ ಮರುದಿನ ಅದು ಬಂತು. ಬೆಳಗಿನಿಂದ ಮಳೆ ಉಸಿರು ಬಿಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ತೋಡು ಹರಿಯುವುದನ್ನು ನಿಲ್ಲಿಸಿ ಸುಮ್ಮನೆ ತುಂಬತೊಡಗಿತು. ನೀರು ನಮ್ಮಲ್ಲಿ ಬಾಗಿಲಿನಿಂದ ಬರುವುದಿಲ್ಲ, ಮೊದಲು ಬಚ್ಚಲ ತೂತಿನಿಂದ ಗುಳುಗುಳು ಎನ್ನುತ್ತದೆ. ಮಷೀನನ್ನು ಮಂಚದ ಮೇಲೆ, ಮಂಚವನ್ನು ಕಲ್ಲಿನ ಮೇಲೆ ಏರಿಸಿ, ಮದುವೆ ಮನೆಯೊಂದರ ಆರು ರವಿಕೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ಆಮೇಲೆ ಗೋಡೆಗೆ ಟೇಪು ಹಿಡಿದು ನಿಂತೆ. ಹನ್ನೆರಡಕ್ಕೆ ನಾಲ್ಕು ಇಂಚು. ಹನ್ನೆರಡೂವರೆಗೆ ಒಂಬತ್ತು. ಎರಡು ಗಂಟೆಗೆ ಹತ್ತೊಂಬತ್ತಾಗಿ ನಿಂತಿತು. ಪ್ರತಿ ಸಲ ಗೋಡೆಯಲ್ಲಿ ಪೆನ್ಸಿಲ್ ಗೀಟು. ಪಕ್ಕದಿಂದ ನಸೀಮಾ ಕೂಗುತ್ತಿದ್ದಳು, “ಅಕ್ಕ, ನಮ್ಮದು ಇಪ್ಪತ್ತೆಂಟು!” ಅವರ ಮನೆ ಇನ್ನೂ ತಗ್ಗಿನಲ್ಲಿದೆ.

ಬಸವರಾಜ ಸರ್‌ಗೆ ಫೋನು ಮಾಡಿದೆ. ಎಲ್ಲೋ ಮರ ಬಿದ್ದ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದರು. ಮರುದಿನ ಬೆಳಿಗ್ಗೆ ಬಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಇವರು ನೀರು ಹೋದ ಮೇಲೆ ಬಂದರು. ಅಂಗಳದಲ್ಲಿ ಕೆಸರು ಬಿಟ್ಟರೆ ಏನೂ ಇಲ್ಲ. ಆದರೆ ಗೋಡೆಯ ಮೇಲೆ ಕಂದು ಗೆರೆ ಇತ್ತು, ಅದರ ಮೇಲೆಯೇ ನನ್ನ ಪೆನ್ಸಿಲ್ ಗೀಟು. ಅವರು ತಮ್ಮ ಸ್ಟೀಲ್ ಟೇಪು ಎಳೆದು ನೋಡಿದರು. ಹತ್ತೊಂಬತ್ತು. ಬಗ್ಗಿದಲ್ಲಿಂದಲೇ ನನ್ನ ಮುಖ ನೋಡಿದರು. ಅಲ್ಲಿಂದ ಅವರು ನನ್ನನ್ನು ನಂಬಿದರು ಎಂದು ನನ್ನ ಎಣಿಕೆ.

ಹದಿನಾಲ್ಕು ಮನೆಯ ಅಳತೆಯನ್ನೂ ತೆಗೆದುಕೊಂಡು ಅವರ ಮೇಲಿನ ಸಾಹೇಬರ ಹತ್ತಿರ ಹೋದೆವು. ಸಾಹೇಬರು ನನ್ನ ಪುಸ್ತಕವನ್ನು ಎಡಗಡೆಯಿಂದ ತೆರೆದು, ಯಾರದೋ ಎದೆಯ ಸುತ್ತಳತೆ ಓದಿ, ಕೆಮ್ಮಿ, ಪುಟ ತಿರುಗಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

“ಒಂದು ಮನೆಯಲ್ಲಿ ಹತ್ತೊಂಬತ್ತು, ಪಕ್ಕದಲ್ಲಿ ಇಪ್ಪತ್ತೆಂಟು, ಎದುರು ಎಂಟು. ಒಂದೇ ರಸ್ತೆಯಲ್ಲಿ ಹೇಗಮ್ಮ ಇದು? ಮನಸ್ಸಿಗೆ ಬಂದದ್ದು ಬರೆದಿದ್ದೀರಿ. ಕೂಳೂರಲ್ಲಿ ಮಳೆಗಾಲದಲ್ಲಿ ಸ್ವಲ್ಪ ನೀರು ನಿಲ್ಲುವುದು ಮಾಮೂಲು.”

ನನ್ನ ಬಾಯಿ ನಿಲ್ಲಲಿಲ್ಲ. “ಸರ್, ಒಂದೇ ಥಾನಿನ ಬಟ್ಟೆ ತಂದು ಹದಿನಾಲ್ಕು ಜನರಿಗೆ ಹೊಲಿದರೆ ಹದಿನಾಲ್ಕೂ ಅಳತೆ ಒಂದೇ ಇರ್ತದಾ? ಒಬ್ಬರು ಗಿಡ್ಡ, ಒಬ್ಬರು ಉದ್ದ. ಮನೆಯ ನೆಲವೂ ಹಾಗೆ. ನೀರು ಒಂದೇ. ನಾನು ಅಳತೆ ತಪ್ಪಿದರೆ ಗಿರಾಕಿ ಬಟ್ಟೆ ಮುಖಕ್ಕೆ ಎಸೆದು ಹೋಗ್ತಾರೆ. ನಿಮಗೆ ತಪ್ಪಿದರೆ ನಿಮ್ಮ ಮುಖಕ್ಕೆ ಎಸೀಲಿಕ್ಕೆ ಯಾರೂ ಇಲ್ಲ.”

ಜಗನ್ನಾಥಣ್ಣ ನನ್ನ ಸೆರಗು ಎಳೆದರು. ಬಸವರಾಜ ಸರ್ ನೆಲ ನೋಡುತ್ತ, “ಸರ್, ಲೆವೆಲ್ ಮಷೀನ್ ಇಟ್ಟು ಒಮ್ಮಿ ನೋಡಿದ್ರ ತಿಳಿತೈತ್ರಿ. ಎಲ್ಲಾ ಕಲಿ ಒಂದ ಮಟ್ಟಕ್ಕ ಇದ್ರ ಖರೆ, ಇಲ್ಲಂದ್ರ ಸುಳ್ಳು” ಎಂದರು. ಸಾಹೇಬರು ಸುಮ್ಮನೆ ಕೈ ಬೀಸಿದರು. ಚೌತಿ ಕಳೆದ ಮೇಲೆ ಸರ್ವೆಯವರು ಬಿಡುವಾದಾಗ ನೋಡೋಣ ಎಂದರು. ಹೊರಗೆ ಮೆಟ್ಟಿಲ ಮೇಲೆ ಬಸವರಾಜ ಸರ್ ನನಗೆ ಒಂದೇ ಮಾತು ಹೇಳಿದರು: “ಅಕ್ಕಾರ, ಅಲ್ಲೀಮಟ ಯಾರೂ ಗ್ವಾಡಿಗೆ ಸುಣ್ಣ ಹಚ್ಚಬ್ಯಾಡ್ರಿ. ಕಲಿ ಹೋದ್ರ ಕೇಸೂ ಹೋತು.”

ಇಷ್ಟು ಸುಲಭದ ಮಾತು. ಆದರೆ ಚೌತಿಗೆ ಸುಣ್ಣ ಬಳಿಯಬೇಡಿ ಎಂದು ಹದಿನಾಲ್ಕು ಮನೆಗೆ ಹೇಳಿ ನೋಡಿ, ಆಗ ಗೊತ್ತಾಗುತ್ತದೆ. ನನ್ನ ಅತ್ತೆ ಎರಡು ದಿನ ಮಾತು ಬಿಟ್ಟರು. ಗಣಪತಿ ತರುವ ಮನೆಯಲ್ಲಿ ಕೆಸರಿನ ಗೆರೆಯಾ? ನಾನು ಮನೆಯಲ್ಲಿ ಉಳಿದಿದ್ದ ಕೆಂಪು ಎಣ್ಣೆ ಬಣ್ಣ ತೆಗೆದು ಕಂದು ಗೆರೆಯ ಮೇಲೆಯೇ ನೇರವಾಗಿ ಒಂದು ಗೀಟು ಎಳೆದೆ. ಅಳಿಸಲಾಗದ ಹಾಗೆ ಎಳೆದ ಮೇಲೆ ಅತ್ತೆ, “ಇನ್ನು ಅದಕ್ಕೆ ಕುಂಕುಮವನ್ನೂ ಹಚ್ಚು” ಎಂದು ಬೈದು ಸುಮ್ಮನಾದರು. ಒಂದೊಂದೇ ಮನೆಗೆ ಆ ಡಬ್ಬ ಹಿಡಿದು ಹೋದೆ. ಕೆಲವರು ಕೂಡಲೇ ಒಪ್ಪಿದರು, ಕೆಲವರು ನನ್ನ ಕಾಟ ತಡೆಯಲಾರದೆ ಒಪ್ಪಿದರು.

ಜಗನ್ನಾಥಣ್ಣ ಒಪ್ಪಿದವರೇ ಕೈಕೊಟ್ಟರು. ಒಂದು ಬೆಳಿಗ್ಗೆ ನೋಡುತ್ತೇನೆ, ಅವರ ಗೋಡೆ ಹಾಲಿನಷ್ಟು ಬೆಳ್ಳಗೆ. ಮನೆ ಮಾರುವ ಯೋಚನೆ ಅವರಿಗಿತ್ತು, ನೋಡಲು ಯಾರೋ ಬರುವವರಿದ್ದರು. “ನನ್ನದು ಒಂದು ಮನೆ ಇಲ್ಲದಿದ್ದರೆ ಎಂತ ಆಗ್ತದೆ ವಾರಿಜಾ?” ಎಂದರು. ಅರ್ಜಿ ಬರೆದ ಕೈ ಅದೇ, ಬ್ರಷ್ ಹಿಡಿದ ಕೈಯೂ ಅದೇ. ನಾನು ಅವರ ಮುಖ ನೋಡದೆ ವಾಪಸು ಬಂದೆ.

ಅದಕ್ಕಿಂತ ಕಷ್ಟದ್ದು ಐಸಮ್ಮನ ಮನೆ. ನಸೀಮಾಳನ್ನು ನೋಡಲು ಉಳ್ಳಾಲದಿಂದ ಗಂಡಿನ ಕಡೆಯವರು ಬರುವುದೆಂದು ದಿನ ನಿಶ್ಚಯವಾಯಿತು, ಕಚೇರಿಯವರು ಹೇಳಿದ್ದ ಸರ್ವೆಯ ದಿನಕ್ಕೆ ಐದು ದಿನ ಮೊದಲು. ಐಸಮ್ಮ ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಅವಳು ಹೇಳಿದ್ದು ಇಷ್ಟು: “ನಿನಗೆ ಬೇಕಾದರೆ ನನ್ನ ಬೆನ್ನ ಮೇಲೆ ಗೀಟು ಎಳಿ. ಆದರೆ ಆ ಒಂದು ದಿನ ನನ್ನ ಗೋಡೆ ಬಿಟ್ಟುಬಿಡು ಮಾರಾಯ್ತಿ. ಬಂದವರು ಎಂತ ಹೇಳಿಯಾರು?”

ಅವಳದು ಇಪ್ಪತ್ತೆಂಟು ಇಂಚು, ಇಡೀ ರಸ್ತೆಯಲ್ಲಿ ಅದೇ ಹೆಚ್ಚು. ಅದು ಹೋದರೆ ನಮ್ಮ ಕಾಗದ ಅರ್ಧ ಹರಿದ ಹಾಗೆ. ಹಾಗೆಂದು ಒಂದು ಹುಡುಗಿಯ ಬದುಕಿನ ಎದುರು ಮೋರಿಯ ವಾದ ಮಾಡಲು ನನಗೆ ಯಾವ ಹಕ್ಕು? ಸುಣ್ಣ ಬಳಿದುಬಿಡು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಳಗಿನಿಂದ ನಸೀಮಾ ಬಂದಳು. “ಉಮ್ಮಾ, ಗೆರೆ ಇರಲಿ. ಈಗ ಮುಚ್ಚಿಟ್ಟು ಮುಂದಿನ ಆಟಿಗೆ ಅವರು ಬಂದಾಗ ಮಂಚದ ಮೇಲೆ ಕೂರಿಸ್ತೀಯಾ?” ಎಂದಳು. ಅಮ್ಮ ಮಗಳಿಗೆ ಜಗಳವೇ ಆಯಿತು. ಗೆರೆ ಉಳಿಯಿತು.

ಅವರು ಬಂದ ದಿನ ನಾನು ಐಸಮ್ಮನ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಗಂಡಿನ ಅಜ್ಜ, ಬಿಳಿ ಗಡ್ಡದ ಮುದುಕರು, ಮೀನಿನ ವ್ಯಾಪಾರ ಮಾಡಿದವರು. ಕುರ್ಚಿಯಲ್ಲಿ ಕೂತು ಸುತ್ತ ನೋಡಿ, ಕೆಂಪು ಗೆರೆಯಲ್ಲಿ ಕಣ್ಣಿಟ್ಟು, “ಇದೆಂತ?” ಎಂದರು. ನಸೀಮಾ ಟ್ರೇ ಹಿಡಿದೇ ಹೇಳಿದಳು, “ಆಟಿಯಲ್ಲಿ ಬಂದ ನೀರು. ಆಫೀಸಿನವರಿಗೆ ತೋರಿಸಲಿಕ್ಕೆ ಇಟ್ಟದ್ದು.”

ಮುದುಕರು ಟ್ರೇಯಿಂದ ಚಹಾ ತೆಗೆದುಕೊಂಡು ಒಂದು ಗುಟುಕು ಕುಡಿದರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು, “ನಮ್ಮ ಹಳೇ ಮನೆಯನ್ನು ಉಳ್ಳಾಲದಲ್ಲಿ ಕಡಲು ತೆಗೊಂಡು ಹೋಯ್ತು. ಪರಿಹಾರಕ್ಕೆ ಹೋದರೆ ಮನೆ ಇದ್ದದ್ದಕ್ಕೆ ಗುರುತು ಎಂತ ಉಂಟು ಅಂತ ಕೇಳಿದರು. ಗೀಟು ಎಳೀಲಿಕ್ಕೆ ನಮಗೆ ಗೋಡೆಯೇ ಉಳೀಲಿಲ್ಲ. ನೀವು ಬುದ್ಧಿವಂತರು.” ಅಡುಗೆಮನೆಯಲ್ಲಿ ನಾನು ಅತ್ತುಬಿಟ್ಟೆ. ನಸೀಮಾ ಈಗ ಉಳ್ಳಾಲದಲ್ಲೇ ಇದ್ದಾಳೆ.

ಸರ್ವೆಯವರು ಒಂದು ವಾರ ತಡವಾಗಿ ಬಂದರು, ಸಾಹೇಬರೂ ಜೊತೆಗೆ. ಮೂರು ಕಾಲಿನ ಮಷೀನು ರಸ್ತೆಯ ನಡುವೆ ನಿಂತಿತು. ಒಂದೊಂದು ಮನೆಯ ಗೆರೆಯ ಹತ್ತಿರ ಒಬ್ಬರು ಅಳತೆ ಕೋಲು ಹಿಡಿದರು, ಬಸವರಾಜ ಸರ್ ದುರ್ಬೀನಿನಲ್ಲಿ ನೋಡಿ ಅಂಕಿ ಕೂಗಿದರು. ನನ್ನ ಮನೆ. ಐಸಮ್ಮನ ಮನೆ. ಅದರಾಚೆಯದು. ಅದೇ ಅಂಕಿ, ಪುನಃ ಅದೇ, ಹೆಚ್ಚೆಂದರೆ ಒಂದು ಬೆರಳಿನ ವ್ಯತ್ಯಾಸ. ಏಳನೇ ಮನೆಗೆ ಬರುವಷ್ಟರಲ್ಲಿ ಸಾಹೇಬರು ತಾವೇ ಬಗ್ಗಿ ದುರ್ಬೀನಿಗೆ ಕಣ್ಣಿಟ್ಟರು. ಎದ್ದು ನಿಂತವರು ನನ್ನ ಕಡೆ ನೋಡಲಿಲ್ಲ. “ಬರೆದುಕೊಳ್ಳಿ” ಎಂದು ಮಾತ್ರ ಹೇಳಿದರು.

ಜಗನ್ನಾಥಣ್ಣನ ಬೆಳ್ಳಗಿನ ಮನೆ ಬಂದಾಗ ಬಸವರಾಜ ಸರ್, “ಇಲ್ಲಿ ನೀರು ಬಂದಿಲ್ಲ ಅಂತ ಬರಕೋರಿ” ಎಂದರು. ಜಗನ್ನಾಥಣ್ಣ ಗೇಟಿನಿಂದ ಓಡಿ ಬಂದರು. “ಬಂದಿದೆ ಸರ್, ಬಂದಿದೆ! ಬಾಗಿಲ ಹಿಂದೆ ಉಂಟು, ಬ್ರಷ್ ತಾಗಲಿಲ್ಲ ಅಲ್ಲಿ, ಬನ್ನಿ!” ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲ ಹಿಂದಿನ ಕೆಸರು ಗೆರೆ ತೋರಿಸಿದರು. ಅದೂ ಅದೇ ಮಟ್ಟ. ರಸ್ತೆಯಿಡೀ ನಕ್ಕಿತು. ನಾನೂ ನಕ್ಕೆ, ಆದರೆ ಕ್ಷಮಿಸಲಿಲ್ಲ. ಅದಕ್ಕೆ ಇನ್ನೊಂದು ವರ್ಷ ಬೇಕಾಯಿತು.

ಪಟ್ಟಿಯಲ್ಲಿ ನಮ್ಮ ಅಡ್ಡರಸ್ತೆ ಸೇರಿತು. ಪೈಪಿನ ಬದಲು ಮನುಷ್ಯ ಬಗ್ಗಿ ನಡೆಯುವಷ್ಟು ದೊಡ್ಡ ಮೋರಿ ಬಂತು. ನೀರು ಈಗಲೂ ಬರುತ್ತದೆ, ಮೆಟ್ಟಿಲು ಮುಟ್ಟಿ ಹೋಗುತ್ತದೆ. ಬಸವರಾಜ ಸರ್‌ಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮೊದಲು ಬಂದು ನನ್ನಿಂದ ಒಂದು ಹಳೇ ಟೇಪು ಕೇಳಿ ತೆಗೆದುಕೊಂಡು ಹೋದರು.

ಈಗ ಆ ಸಣ್ಣ ಡಬ್ಬದ ವಿಷಯ. ಹೋದ ತಿಂಗಳು ಊರು ಚೆಂದ ಮಾಡುತ್ತೇವೆಂದು ಹೇಳಿ ಪೈಂಟಿನವರು ಬಂದು, ರಸ್ತೆ ಬದಿಯ ನಮ್ಮ ಕಂಪೌಂಡು ಗೋಡೆಗಳಿಗೆಲ್ಲ ಬಣ್ಣ ಬಳಿದರು. ನಮ್ಮನ್ನು ಕೇಳಲೇ ಇಲ್ಲ. ಸರ್ವೆಯ ವರ್ಷ ಅಲ್ಲಿಯೂ ನಾವು ಎಳೆದಿದ್ದ ಕೆಂಪು ಗೆರೆ ಒಂದೇ ದಿನದಲ್ಲಿ ಮಾಯ. ಅದರ ಮೇಲೆ ಆಳೆತ್ತರದ ಯಕ್ಷಗಾನದ ವೇಷ, ಕಿರೀಟ, ಮೀಸೆ, ಕುಣಿತದ ಕಾಲು. ಹೊಸದಾಗಿ ಬಂದ ಅಧಿಕಾರಿಗೆ ಫೋನು ಮಾಡಿದೆ. “ಅಲ್ಲಿ ನೀರು ಬರ್ತದಾ ಮೇಡಮ್? ಈಚೆಗೆ ಕಂಪ್ಲೇಂಟೇ ಇಲ್ಲವಲ್ಲ, ಗುರುತು ಏನಾದರೂ ಇದೆಯಾ?” ಎಂದು ಕೇಳಿದರು.

ಬಿಜೈಯಿಂದ ಬಂದವಳು ಚಪ್ಪಲಿಯೂ ಕಳಚದೆ ಅಳತೆ ಪುಸ್ತಕ ತೆಗೆದೆ. ಮನೆಯ ನೆಲಕ್ಕಿಂತ ಎಷ್ಟೋ ತಗ್ಗಿನ ರಸ್ತೆಯಿಂದ ಟೇಪು ಹಿಡಿದು, ಆ ವರ್ಷದ ಮಟ್ಟಕ್ಕೆ ಗುರುತು ಹಾಕಿ, ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಬೆರಳು ದಪ್ಪಕ್ಕೆ ಎಳೆದೆ. ಟಚ್ ಅಪ್ ಮಾಡಲು ಉಳಿದಿದ್ದ ಪೈಂಟಿನವನು ಏಣಿಯಿಂದಿಳಿದು ಓಡಿ ಬಂದ. “ಅಕ್ಕ, ಅಕ್ಕ, ವೇಷದ ನಡುವೆಯೇ ಹೋಯ್ತಲ್ಲ! ಸೊಂಟದ ಮೇಲೆ! ಆಫೀಸರ್ ನನಗೆ ಬೈತಾರೆ.”

“ಬೈದರೆ ನನ್ನ ಮನೆ ತೋರಿಸು” ಎಂದೆ. “ನಮ್ಮ ರಸ್ತೆಯಲ್ಲಿ ನಿಂತವನು ರಾಜನೇ ಆಗಲಿ, ಸೊಂಟದವರೆಗೆ ಒದ್ದೆ ಆಗಲೇಬೇಕು.”